ಕೈ ತೊಳೆದು ಮುಟ್ಟುವ ಪೆಟ್ಟಿಗೆ

ಅಮೆರಿಕದ ಅಲೆನ್ ಊರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಡಾಕ್ಟರ್ ಅಂಕಲ್, ಮನುಷ್ಯರನ್ನು ಹಗ್ಗದಲ್ಲಿ ಬಿಗಿಯುವ ಜಪಾನೀ ಕಲೆಯ ಹಳೆಯ ಚಿತ್ರ, ಪತ್ರಿಕೆಗಳನ್ನು ಕೂಡಿಟ್ಟು ಜೋಪಾನ ಮಾಡುತ್ತಿದ್ದರು. ಯಾರು ಮುಟ್ಟಹೋದರೂ “ಕೈ ತೊಳ್ಕೊಂಡ್ರಾ?” ಎನ್ನುತ್ತಿದ್ದರು.

ಒಮ್ಮೆ ಚಳಿಗೆ ಅವರ ಮನೆಯ ಪೈಪ್ ಒಡೆದು ನೀರು ನುಗ್ಗಿದ್ದರಿಂದ, ಆ ಚಿತ್ರಗಳ ಒಂದು ಪೆಟ್ಟಿಗೆ ನಮ್ಮಲ್ಲಿಗೆ ಬಂತು. ಮೈಸೂರಿನಿಂದ ಬಂದಿದ್ದ ಅತ್ತೆ ನೋಡಿದರೆ ನನ್ನ ಮರ್ಯಾದೆ ಏನಾದೀತೆಂದು ಹೆದರಿ, ಅದನ್ನು ಅಕ್ಕಿ ಚೀಲದ ಹಿಂದೆ ಬಚ್ಚಿಟ್ಟೆ. ದಿನಾ ಅನ್ನ ಮಾಡುವವರು ಅವರೇ ಎಂಬುದು ನನಗೆ ಹೊಳೆಯಲಿಲ್ಲ.

ಅಂಕಲ್ ಪೆಟ್ಟಿಗೆ ಒಯ್ಯಲು ಬಂದಾಗ ಅತ್ತೆ ಕಿಟಕಿಯ ಬಳಿ ಒಂದು ಚಿತ್ರ ಹಿಡಿದು ಕೂತಿದ್ದರು.

“ಡಾಕ್ಟ್ರೇ, ಇದು ನಾನು ಹೂ ಕಟ್ಟೋ ಗಂಟೇ! ಎಷ್ಟು ಅಚ್ಚುಕಟ್ಟು!”

“ಕೈ ತೊಳ್ಕೊಂಡ್ರಾ?”

“ತೊಳ್ದು, ಒರೆಸ್ಕೊಂಡೇ ಮುಟ್ಟಿದ್ದು.”

ಅಂಕಲ್ ಮುಖ ಅರಳಿತು. ಮುಂದಿನ ಚಿತ್ರ ತೋರಿಸಲು ಪೆಟ್ಟಿಗೆಗೆ ಕೈ ಹಾಕಿದರು.

“ತಡೀರಿ, ನೀವು ತೊಳ್ಕೊಂಡ್ರಾ?” ಎಂದರು ಅತ್ತೆ.

ಅಂಕಲ್ ನಗುತ್ತಾ ಸಿಂಕಿನತ್ತ ನಡೆದರು.