ನಾನೆತ್ತಿದ ಒಂಬತ್ತರ ಕಾರ್ಡು

ನಾನು ಓದು ನಿಲ್ಲಿಸಿದ್ದು ೧೯೭೪ರಲ್ಲಿ, ಎಂಟನೇ ತರಗತಿಯ ಅರ್ಧದಲ್ಲಿ. ಬಿಡು ಎಂದು ಯಾರೂ ಹೇಳಲಿಲ್ಲ. ಅಪ್ಪನಿಗೆ ಯಶವಂತಪುರದ ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಹೊರುವ ಕೆಲಸ. ಅವರ ಬೆನ್ನು ಹಿಡಿದುಕೊಂಡಾಗ ಮನೆಗೆ ಇನ್ನೊಂದು ದುಡಿಯುವ ಕೈ ಬೇಕಾಯಿತು, ನನ್ನ ಕೈ ಖಾಲಿ ಇತ್ತು, ಅಷ್ಟೇ. ಅಲ್ಲೇ ಹತ್ತಿರದ ಲೇತ್ ವರ್ಕ್‌ಶಾಪಿಗೆ ಸೇರಿದೆ. ನಾಲ್ಕೈದು ವರ್ಷದಲ್ಲಿ ಟರ್ನರ್ ಆದೆ. ನಾನು ಲೇತಿನಲ್ಲಿ ಕಡೆದು ಕೊಟ್ಟ ಬುಷ್ ಒಂದೂ ವಾಪಸ್ ಬಂದದ್ದಿಲ್ಲ. ಜಂಬ ಎಂದರೆ ಜಂಬ, ಇರಲಿ.

ಟೇಕ್ವಾಂಡೋಗೆ ನನ್ನನ್ನು ಎಳೆದುಕೊಂಡು ಹೋದವನು ನನ್ನ ಗೆಳೆಯ. ಧಾರವಾಡದ ಕಡೆಯವನು, ನಮ್ಮ ಶಾಪಿನ ಎದುರಿನ ಫ್ಯಾಕ್ಟರಿ ಆಫೀಸಿನಲ್ಲಿ ಗುಮಾಸ್ತ. ಒಂದು ಸಂಜೆ ಚಹಾ ಕುಡಿಯುವಾಗ, "ಬಾರಲೇ, ಕೊಡಿಗೇಹಳ್ಳ್ಯಾಗ ಒದಿಯೂದು ಕಲಸಾಕತ್ತಾರಂತ," ಎಂದ.

"ಒದೆಯೋಕೆ ಕ್ಲಾಸ್ ಬೇರೆ ಬೇಕೇನೋ ಮಗಾ?"

"ನಿನ್ನಂಗ ಕತ್ತೆ ಹಂಗ ಒದಿಯೂದಲ್ಲಪಾ. ಲೆಕ್ಕಾ ಹಾಕಿ ಒದಿಯೂದು."

ಆಗ ಕೊಡಿಗೇಹಳ್ಳಿ ಇನ್ನೂ ಹಳ್ಳಿಯೇ. ಅಲ್ಲಿ ಒಬ್ಬ ಅಜ್ಜಿಯ ಹಳೆಯ ಮನೆ, ಮನೆಯ ಹಿಂದೆ ಸಗಣಿ ಸಾರಿಸಿದ ಅಂಗಳ. ಆ ಅಂಗಳವೇ ನಮ್ಮ ಕ್ಲಾಸು. ಕಲಿಸುತ್ತಿದ್ದ ಮಾಸ್ಟರ್ ಕಂಟೋನ್ಮೆಂಟ್ ಕಡೆಯವರು, ಕೊರಿಯಾದಿಂದ ಬಂದಿದ್ದ ಗುರುವೊಬ್ಬರ ಕೈಯಲ್ಲಿ ಪಳಗಿದವರು. ಅಜ್ಜಿ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಾ ನಮ್ಮನ್ನೇ ನೋಡುತ್ತಿದ್ದರು. ಮೊದಲ ದಿನವೇ ಕೇಳಿದರು: "ಅಲ್ಲ ಕಣ್ರಪ್ಪಾ, ಇಂಗೆ ಗಾಳಿಗ್ ಒದ್ರೆ ಗಾಳಿ ಏನ್ ಅಳ್ತದಾ?"

ಗಾಳಿಗೆ ಒದೆಯುವುದನ್ನೇ ನಾನು ತುಂಬ ಹಚ್ಚಿಕೊಂಡೆ. ಅದಕ್ಕೆ ಪೂಮ್ಸೆ ಎಂದು ಹೆಸರು. ಎದುರಾಳಿ ಇಲ್ಲದ ಕಾಳಗ ಅದು. ನೆಲದ ಮೇಲೆ ಉದ್ದಕ್ಕೊಂದು ಗೆರೆ, ಅಡ್ಡಕ್ಕೆ ಮೂರು ಗೆರೆ ಇವೆ ಎಂದುಕೊಳ್ಳಬೇಕು. ಆ ಕಾಣದ ಗೆರೆಗಳ ಮೇಲೆ ತಡೆ, ಗುದ್ದು, ಒದೆತ ಎಲ್ಲ ಗೊತ್ತಾದ ಕ್ರಮದಲ್ಲಿ ಹಾಕುತ್ತಾ ಹೋಗಿ, ಕೊನೆಗೆ ಒಂದು ಕೂಗು ಹಾಕಿ, ಹೊರಟ ಜಾಗಕ್ಕೇ ಬಂದು ನಿಲ್ಲಬೇಕು. ಗೆರೆಯಿಂದ ಒಂದು ಗೇಣು ಆಚೀಚೆ ಆದರೂ ಮಾರ್ಕ್ಸು ಹೋಯಿತು. ದಿನವಿಡೀ ಲೇತಿನ ಮುಂದೆ ನೂಲೆಳೆಯಷ್ಟು ಅಳತೆ ನೋಡುವವನಿಗೆ ಇದಕ್ಕಿಂತ ರುಚಿಯಾದ ಆಟ ಉಂಟೇ? ಅಮ್ಮ ಕೋರಾ ಬಟ್ಟೆಯಲ್ಲಿ ಹೊಲಿಸಿಕೊಟ್ಟ ಬಿಳಿ ಉಡುಪಿಗೆ ಅನ್ನದ ಗಂಜಿ ಹಾಕಿ ಒಣಗಿಸುತ್ತಿದ್ದರು. ಗುದ್ದಿದರೆ ತೋಳು ಫಟ್ ಎನ್ನಬೇಕು. ಆ ಸದ್ದು ಕೇಳಿದ ದಿನ ರಾತ್ರಿ ನನಗೆ ನಿದ್ದೆಯೇ ಹತ್ತುತ್ತಿರಲಿಲ್ಲ, ಅಷ್ಟು ಖುಷಿ.

ಅಂಗಳದ ಒಂದು ತುದಿಯಲ್ಲಿ ಮಾಸ್ಟರ್ ಸುಣ್ಣದ ಗುರುತು ಹಾಕಿದ್ದರು. ಪೂಮ್ಸೆ ಅಲ್ಲಿಂದಲೇ ಶುರು, ಒಬ್ಬರಾದ ಮೇಲೆ ಒಬ್ಬರು. ಅಂಗಳದ ನಡುವೆ ನೆಲದಲ್ಲಿ ಹೂತ ಒರಳುಕಲ್ಲೊಂದಿತ್ತು. ಅಜ್ಜಿ ಅದರಲ್ಲಿ ಮೆಣಸಿನಕಾಯಿ ಕುಟ್ಟುತ್ತಿದ್ದರು. ಶುರುವಿನ ವಾರದಲ್ಲೇ ಒಬ್ಬನ ಪಾದ ಅದರ ಗುಳಿಗೆ ಸಿಕ್ಕಿ ಉಳುಕಿತು. ಆಮೇಲೆ ಎಲ್ಲರೂ ಹುಷಾರಾದೆವು. ಸ್ವಲ್ಪ ದಿನಕ್ಕೆ ಅಲ್ಲೊಂದು ಒರಳಿದೆ ಎಂಬುದೇ ಮರೆತುಹೋಯಿತು.

ಸ್ಪರ್ಧೆಗಳಿಗೆ ಹೋಗತೊಡಗಿದೆವು. ಅಲ್ಲಿ ನಮ್ಮ ಅಂಗಳದವರಿಗೆ ಬರುತ್ತಿದ್ದದ್ದು ಎರಡನೇ ಬಹುಮಾನ. ನಾನು ಮಾಡಿದರೂ ಎರಡನೇದು, ಗೆಳೆಯ ಮಾಡಿದರೂ ಎರಡನೇದು. ಒದೆತದಲ್ಲಿ ನಮ್ಮ ಎತ್ತರಕ್ಕೆ ಯಾರೂ ಇಲ್ಲ, ಕೂಗಿದರೆ ಕಿಟಕಿಯ ಗಾಜು ಅದುರಬೇಕು, ಆದರೂ ಎರಡನೇದೇ. ಮಾರ್ಕ್ಸು ಯಾಕೆ ಹೋಯಿತೆಂದು ತೀರ್ಪುಗಾರರು ಹೇಳುವ ಪದ್ಧತಿ ಆಗ ಇರಲಿಲ್ಲ. "ನಮ್ಮ ಮಾರೀನ ಎರಡನೇ ನಂಬರಿಂದು," ಎಂದು ಗೆಳೆಯ ನಗುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕಪ್ಪು ಬೆಲ್ಟ್ ಬಂದ ಮೇಲೆ ೧೯೮೫ರಲ್ಲಿ ಮಾಸ್ಟರ್ ನನ್ನನ್ನು ಕರೆದು, "ತೀರ್ಪುಗಾರ ಆಗ್ತೀಯೇನಪ್ಪ? ನಿನ್ನ ಕಣ್ಣು ಚೆನ್ನಾಗಿದೆ," ಎಂದರು. ಆಗ ನನಗಾದ ಸಂತೋಷವನ್ನು ಹೇಗೆ ಹೇಳಲಿ! ಮಾರ್ಕ್ಸು ತಗೊಳ್ಳುವ ವಯಸ್ಸಿನಲ್ಲಿ ಶಾಲೆ ಬಿಟ್ಟು ಬಂದವನು ನಾನು. ಈಗ ನೀಲಿ ಕೋಟು, ಟೈ ಹಾಕಿಕೊಂಡು ಕುರ್ಚಿಯಲ್ಲಿ ಕೂತು ಕಾಲೇಜು ಓದುವವರಿಗೂ ಮಾರ್ಕ್ಸು ಕೊಡಬೇಕು. ಯಶವಂತಪುರದ ಟೈಲರ್ ಹತ್ತಿರ ಕೋಟು ಹೊಲಿಸಿದೆ. ಟೈ ಕಟ್ಟಲು ಗೆಳೆಯನೇ ಕಲಿಸಿದ. ಕುತ್ತಿಗೆಗೆ ಬಿಗಿದು, "ದನಾ ಕಟ್ಟಿದಂಗಾತು ನೋಡು," ಎಂದ.

ಗಂಗಾನಗರದ ಒಂದು ಕಲ್ಯಾಣ ಮಂಟಪದಲ್ಲಿ ಸ್ಪರ್ಧೆ. ಹಿಂದಿನ ದಿನ ಯಾವುದೋ ಮದುವೆ ಆಗಿತ್ತು. ಬಾಗಿಲಲ್ಲಿ ಬಾಳೆಕಂದು ಇನ್ನೂ ನಿಂತಿತ್ತು, ಒಳಗೆಲ್ಲ ಸಾರಿನ ವಾಸನೆ. ಹಾಲಿನ ನಡುವೆ ಕೆಂಪು ಜಮಖಾನ ಹಾಸಿದ್ದರು, ಅದರ ನಾಲ್ಕು ಕಡೆ ನಾಲ್ಕು ಕುರ್ಚಿ. ಅವುಗಳಲ್ಲಿ ಒಂದು ನನ್ನದು. ಆದರೆ ಅದು ಪರೀಕ್ಷೆಯ ಕುರ್ಚಿ. ಆ ದಿನದ ಕೆಲಸ ನೋಡಿ ಮುಖ್ಯ ತೀರ್ಪುಗಾರರು ಒಪ್ಪಿದರೆ ಮಾತ್ರ ನಾನು ತೀರ್ಪುಗಾರ. ಒಪ್ಪದಿದ್ದರೆ ಕೋಟು ಮಡಿಸಿ ಪೆಟ್ಟಿಗೆಯಲ್ಲಿಡುವುದೇ.

ಅವರು ಸೈನ್ಯದಲ್ಲಿದ್ದು ಬಂದವರು. ಮೀಸೆ ಇಲ್ಲ, ನಗು ಇಲ್ಲ. ಶುರುವಾಗುವ ಮೊದಲೇ ನನ್ನನ್ನು ಕೇಳಿದರು: "ನಿಮ್ಮ ಕ್ಲಬ್ಬಿನವರು ಯಾರಾದ್ರೂ ಆಡ್ತಾ ಇದ್ದಾರಾ?"

"ಒಬ್ರು ಇದ್ದಾರೆ ಸಾರ್."

"ಇರೋ ತೀರ್ಪುಗಾರರೇ ಕಡಿಮೆ, ನಿಮ್ಮನ್ನ ಬದಲಾಯಿಸೋಕೆ ಜನ ಇಲ್ಲ. ಕಣ್ಣು ನಿಮ್ಮದಾಗಿರಲಿ, ಕ್ಲಬ್ಬಿನದು ಬೇಡ."

ಆ ಒಬ್ಬ ನನ್ನ ಗೆಳೆಯನೇ. ಬೆಳಗಿನ ಸುತ್ತುಗಳನ್ನು ದಾಟಿ ಅವನು ಫೈನಲ್ಲಿಗೂ ಬಂದ. ಆ ಸುತ್ತುಗಳಲ್ಲಿ ಅವನಿಗೆ ಸಿಕ್ಕಿದವರು ತೀರಾ ಸಪ್ಪೆ, ನಾವು ಎತ್ತಿ ತೋರಿಸಿದ ಮಾರ್ಕ್ಸಿನ ಕಾರ್ಡುಗಳ ಬಗ್ಗೆ ಯಾರೂ ಮಾತಾಡಲಿಲ್ಲ. ಫೈನಲ್ಲಿನಲ್ಲಿ ಎದುರಿಗಿದ್ದವನು ಊರಿನ ದಕ್ಷಿಣ ಭಾಗದ ಕಾಲೇಜು ಹುಡುಗ, ಉದ್ದ ಕಾಲು, ನೆಟ್ಟನೆಯ ಬೆನ್ನು. ಅವನು ಮೊದಲು ಮಾಡಿದ. ಶುದ್ಧವಾಗಿ ಮಾಡಿದ, ಉಪ್ಪು ಖಾರ ಮಾತ್ರ ಇರಲಿಲ್ಲ. ಮುಖ್ಯ ತೀರ್ಪುಗಾರರು ಸೀಟಿ ಊದಿದೊಡನೆ ನಾಲ್ವರೂ ಒಟ್ಟಿಗೆ ಕಾರ್ಡು ಎತ್ತಬೇಕು. ನಾಲ್ಕೂ ಎಂಟು. ಒಟ್ಟು ಮೂವತ್ತೆರಡು.

ಆಮೇಲೆ ನನ್ನ ಗೆಳೆಯ ಬಂದ. ಅವನ ಆ ಪೂಮ್ಸೆ ಈಗಲೂ ನನ್ನ ಕಣ್ಣಲ್ಲಿದೆ. ತೋಳು ಫಟ್ ಫಟ್ ಎನ್ನುತ್ತಿತ್ತು. ಒದೆತ ಕಿವಿಯ ಎತ್ತರಕ್ಕೆ ಹೋಗಿ ಅಲ್ಲಿ ಒಂದು ಕ್ಷಣ ನಿಂತು ಇಳಿಯುತ್ತಿತ್ತು. ಕೊನೆಯ ಕೂಗಿಗೆ ಅಡುಗೆಮನೆಯಲ್ಲಿ ಯಾರೋ ಪಾತ್ರೆ ಬೀಳಿಸಿದರು. ಹೊರಟ ಜಾಗದಲ್ಲೇ ಕೂದಲೆಳೆ ತಪ್ಪದೆ ಬಂದು ನಿಂತ. ಸೀಟಿ ಆಯಿತು. ನಾನು ಒಂಬತ್ತು ಎತ್ತಿದೆ.

ಸುತ್ತ ನೋಡಿದರೆ ಎಂಟು, ಎಂಟು, ಏಳು. ನನ್ನದೊಂದು ಒಂಬತ್ತು. ಮೂವತ್ತೆರಡು. ಸಮ! ಹಾಲಿನಲ್ಲಿ ಹುಯ್ಲೆದ್ದಿತು. ಸಮವಾದರೆ ಇಬ್ಬರೂ ಇನ್ನೊಮ್ಮೆ ಮಾಡಬೇಕು. ಮುಖ್ಯ ತೀರ್ಪುಗಾರರು ಹತ್ತು ನಿಮಿಷ ಬಿಡುವು ಕೊಟ್ಟು, ನನಗೆ ಮಾತ್ರ ಬೆರಳು ಸನ್ನೆ ಮಾಡಿ ಹಿಂದಿನ ಊಟದ ಹಾಲಿಗೆ ನಡೆದರು. ಏಳು ಕೊಟ್ಟಿದ್ದ ತೀರ್ಪುಗಾರರೂ ಜೊತೆಗೆ ಬಂದರು.

"ಒಂಬತ್ತು ಯಾಕೆ?"

"ಅಷ್ಟು ಚೆನ್ನಾಗಿತ್ತು ಸಾರ್."

"ನಡುವಿನ ಗೆರೇಲಿ ಪಾದ ಪಕ್ಕಕ್ಕೆ ಹಾಕಿದ್ರು. ಹೋಗುವಾಗ ಒಂದ್ಸಲ, ಬರುವಾಗ ಒಂದ್ಸಲ. ಕಾಣಲಿಲ್ವಾ?"

"ಇಲ್ಲ ಸಾರ್. ಗೆರೆ ನೆಟ್ಟಗಿತ್ತು."

ಏಳು ಕೊಟ್ಟವರು ಮೂಗಿನಲ್ಲೇ ನಕ್ಕು, "ಒಂದೇ ಕ್ಲಬ್ ಅಲ್ವಾ ಗುರು, ಎಲ್ಲಾ ನೆಟ್ಟಗೇ ಕಾಣ್ಸುತ್ತೆ," ಎಂದರು.

ಗೆಳೆಯನಿಗೆ ನಾನು ಮಾರ್ಕ್ಸು ದಾನ ಮಾಡಿದ್ದೆನೇ? ಕಣ್ಣಾರೆ ಕಂಡದ್ದಕ್ಕೆ ಕೊಟ್ಟಿದ್ದೆ. "ನಾನು ಲೇತ್ ಕೆಲಸದವನು ಸಾರ್, ನೆಟ್ಟಗಿರೋದು ಯಾವುದು ಸೊಟ್ಟಗಿರೋದು ಯಾವುದು ಅಂತ ನಂಗೊತ್ತು," ಎಂದೆ. ದನಿ ಸ್ವಲ್ಪ ಜೋರಾಗಿಯೇ ಬಂತು.

ಮುಖ್ಯ ತೀರ್ಪುಗಾರರು ಕೋಪ ಮಾಡಿಕೊಳ್ಳಲಿಲ್ಲ. ಊಟದ ಹಾಲಿನ ನೆಲಕ್ಕೆ ಚೌಕ ಚೌಕದ ಕಲ್ಲು ಹಾಸಿತ್ತು. "ಶೂ ಬಿಚ್ಚಿ. ಈ ಸಾಲಿನ ಮೇಲೆ ನೀವೇ ಮಾಡಿ ತೋರಿಸಿ. ನಡುವಿನ ಗೆರೆ ಸಾಕು," ಎಂದರು.

ಕೋಟು, ಟೈ ಹಾಕಿಕೊಂಡೇ ಶುರು ಮಾಡಿದೆ. ಕಲ್ಲಿನ ಸಂದು ಹಿಡಿದು ತಡೆ, ಗುದ್ದು, ಮುಂದಕ್ಕೆ, ಮತ್ತೆ ಗುದ್ದು. ಎದೆ ಉಬ್ಬಿಸಿ ಮಾಡಿದೆ. "ನಿಲ್ಲಿ," ಎಂದರು. "ಈಗ ಕೆಳಗೆ ನೋಡಿ."

ನೋಡಿದೆ. ನನ್ನ ಬಲಗಾಲು ಪಕ್ಕದ ಸಾಲಿನ ಕಲ್ಲಿನ ಮೇಲಿತ್ತು.

"ಮತ್ತೆ ಮಾಡಿ."

ಈ ಸಲ ಮನಸ್ಸಿಟ್ಟು ಮಾಡಿದೆ. ಅದೇ ಜಾಗ ಬಂದಾಗ ಕಾಲು ತಾನಾಗಿಯೇ ಪಕ್ಕಕ್ಕೆ ಹೋಯಿತು, ಯಾರೋ ಹಿಡಿದು ಸರಿಸಿದ ಹಾಗೆ. ನಿಂತಲ್ಲೇ ಹೊಳೆಯಿತು. ಒರಳು! ಅಜ್ಜಿಯ ಒರಳುಕಲ್ಲು! ಹೋಗುವಾಗ ಅದನ್ನು ಬಳಸಿ ಹೋಗುತ್ತಿದ್ದೆವು, ಬರುವಾಗ ಬಳಸಿ ಬರುತ್ತಿದ್ದೆವು. ಎರಡೂ ಸಲ ಬಳಸುತ್ತಿದ್ದರಿಂದ ಹೊರಟ ಜಾಗಕ್ಕೇ ಸರಿಯಾಗಿ ಬಂದು ನಿಲ್ಲುತ್ತಿದ್ದೆವು. ನಮ್ಮ ಎರಡನೇ ಬಹುಮಾನಗಳೆಲ್ಲ ಆ ಗುಳಿಯೊಳಗೇ ಬಿದ್ದಿದ್ದವು.

"ಸಾರ್, ನಾವು ಕಲಿಯೋ ಅಂಗಳದಲ್ಲಿ ಆ ಜಾಗದಲ್ಲಿ ಒಂದು ಒರಳಿದೆ," ಎಂದೆ.

"ಒರಳಾ?"

"ಕಾರ ಕುಟ್ಟೋದು ಸಾರ್."

ಏಳು ಕೊಟ್ಟವರು ಗಹಗಹಿಸಿ ನಕ್ಕರು. ಈ ಸಲದ ನಗುವಿನಲ್ಲಿ ಕುಹಕ ಇರಲಿಲ್ಲ. ಮುಖ್ಯ ತೀರ್ಪುಗಾರರು ಮಾತ್ರ ನಗದೆ, "ಇಲ್ಲಿ ಒರಳಿಲ್ಲ. ಹೋಗಿ ಕೂತ್ಕೊಳ್ಳಿ. ಆಟಗಾರನ ಹತ್ತಿರ ಮಾತಾಡೋ ಹಾಗಿಲ್ಲ. ಇನ್ನೊಂದು ಕಾರ್ಡ್ ಹೀಗೆ ಎದ್ರೆ ಆ ಕುರ್ಚೀಲಿ ಬೇರೆಯವರು ಇರ್ತಾರೆ," ಎಂದರು.

ಹೋಗಿ ಕೂತೆ. ಕಾಲೇಜು ಹುಡುಗ ಮತ್ತೆ ಶುದ್ಧವಾಗಿ ಮಾಡಿದ, ಮತ್ತೆ ನಾಲ್ಕು ಎಂಟು. ಗೆಳೆಯ ಜಮಖಾನದ ಮೇಲೆ ಬರುತ್ತಾ ನನ್ನತ್ತ ಹುಬ್ಬು ಹಾರಿಸಿದ. ನನ್ನ ಒಂಬತ್ತು ಅವನಿಗೆ ಆನೆಯ ಬಲ ತಂದಿತ್ತು. ಮೊದಲ ಸಲಕ್ಕಿಂತ ಜೋರಾಗಿ ಶುರು ಮಾಡಿದ. ನನಗೆ ಎದ್ದು ಕೂಗಬೇಕೆನಿಸಿತು, ನೆಟ್ಟಗೆ ಹೋಗೋ, ಅಲ್ಲಿ ಏನೂ ಇಲ್ಲ ಎಂದು. ತುಟಿ ಕಚ್ಚಿಕೊಂಡು ಕೂತೆ. ನಡುವಿನ ಗೆರೆ ಬಂತು. ಆ ಕೆಂಪು ಜಮಖಾನದ ಮೇಲೆ ನನಗೆ ಒರಳು ಕಂಡಿತು, ಅದರ ಅಂಚಿಗೆ ಅಂಟಿದ ಮೆಣಸಿನ ಬೀಜದ ಸಮೇತ. ಗೆಳೆಯ ಎಷ್ಟು ನಾಜೂಕಾಗಿ ಅದನ್ನು ಬಳಸಿ ಹೋದ! ಬರುವಾಗಲೂ ಅಷ್ಟೇ ನಾಜೂಕಾಗಿ ಬಂದ.

ಸೀಟಿ. ಏಳು ಎತ್ತಿದೆ. ಉಳಿದವರು ಎಂಟು, ಎಂಟು, ಏಳು. ಮೂವತ್ತು.

ನಮ್ಮ ಅಂಗಳದವರು ಕೂತಿದ್ದ ಕಡೆಯಿಂದ, "ಏಯ್ ಗುರು, ಬೇರೆ ಕಾರ್ಡ್ ಎತ್ತಿದ್ದೀಯ ನೋಡೋ!" ಎಂದು ಒಬ್ಬ ಕೂಗಿದ. ನಾನು ಕಾರ್ಡು ಇಳಿಸಲಿಲ್ಲ. ಎರಡನೇ ಬಹುಮಾನ, ಮತ್ತೊಮ್ಮೆ.

ಊಟದ ಬಿಡುವಿನಲ್ಲಿ ಗೆಳೆಯ ಮಂಟಪದ ಹೊರಗೆ ಸಿಕ್ಕಿದ. ಬೆವರಿನ್ನೂ ಆರಿರಲಿಲ್ಲ.

"ಲೇ ಮಗನ, ಮೊದಲ ಒಂಬತ್ತು, ಆಮ್ಯಾಲ ಏಳು. ನಡುವ ನಾ ಏನ್ ಪಾಪಾ ಮಾಡಿದ್ನ್ಯೋ?"

"ಒರಳು ಕಣೋ."

"ಯಾವ ಒರಳು? ಟೈ ಬಿಗಿಯಾಗಿ ತಲಿಗೆ ರಕ್ತ ಏರವಲ್ದೇನು?"

ಅಲ್ಲೇ ಫುಟ್‌ಪಾತಿನ ಚಪ್ಪಡಿ ಸಾಲು ತೋರಿಸಿ, "ಇದರ ಮೇಲೆ ಮಾಡು," ಎಂದೆ. ಗೊಣಗುತ್ತಲೇ ಮಾಡಿದ. "ಈಗ ಕೆಳಗೆ ನೋಡ್ಕೋ." ನೋಡಿಕೊಂಡ. ಕಾಲು ಎಳೆದುಕೊಂಡು ಮತ್ತೆ ಮಾಡಿದ, ಮತ್ತೆ ನೋಡಿಕೊಂಡ. ಚಹಾ ಅಂಗಡಿಯವನು ಲೋಟ ತೊಳೆಯುವುದನ್ನು ಬಿಟ್ಟು ಇಣುಕಿದ.

"ಆ ಮುದುಕೀ ಒರಳ!" ಎಂದು ಗೆಳೆಯ ಚಪ್ಪಡಿಯ ಮೇಲೆಯೇ ಕುಸಿದು ಕೂತು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕ. "ಇಷ್ಟ್ ವರ್ಸಾ ಅದಕ್ಕ ಪ್ರದಕ್ಷಿಣಿ ಹಾಕೇವೇನೋ ನಾವು! ಏಳರಾಗ ಇನ್ನೊಂದ್ ಕಮ್ಮಿ ಮಾಡಿದ್ರೂ ಚಲೋ ಆಗ್ತಿತ್ತಲ್ಲೋ!"

"ಕೋಪ ಇಲ್ವಾ?"

"ಸಿಟ್ಟು ಐತಿ. ಊಟಾ ಆದ ಮ್ಯಾಲ ಮಾಡ್ತೀನಿ, ಬಾ."

ಆದರೆ ನನಗೆ ಊಟ ಸೇರುವ ಹಾಗಿರಲಿಲ್ಲ, ಪರೀಕ್ಷೆಯ ಫಲಿತಾಂಶ ಇನ್ನೂ ಬಂದಿರಲಿಲ್ಲ. ಎಲೆಯ ಮುಂದೆ ಕೂತಿದ್ದ ಮುಖ್ಯ ತೀರ್ಪುಗಾರರ ಹತ್ತಿರ ಹೋಗಿ ನಿಂತೆ. ಅವರು ಅನ್ನ ಕಲಸುತ್ತಲೇ ತಲೆ ಎತ್ತಿದರು.

"ಕೋಟು ಬಿಚ್ಚಬೇಕಾ ಸಾರ್?"

"ಮೊದಲನೇ ಕಾರ್ಡ್ ತಪ್ಪು. ಅದನ್ನ ಬರ್ಕೊಂಡಿದ್ದೀನಿ. ಎರಡನೇದು ಸರಿ, ಅದನ್ನೂ ಬರ್ಕೊಂಡಿದ್ದೀನಿ. ಮಧ್ಯಾಹ್ನ ಜೂನಿಯರ್ಸ್ ಇದ್ದಾರೆ, ಎರಡು ಗಂಟೆಗೆ ಅದೇ ಕುರ್ಚಿಗೆ ಬನ್ನಿ." ಪಕ್ಕದ ಎಲೆ ತೋರಿಸಿ, "ಊಟ ಮಾಡಿ. ಪಾಯಸ ಚೆನ್ನಾಗಿದೆ," ಎಂದರು.

ಎರಡು ಸಲ ಹಾಕಿಸಿಕೊಂಡು ಕುಡಿದೆ. ಮುಂದಿನ ಭಾನುವಾರ ಮಾಸ್ಟರಿಗೆ ವಿಷಯ ತಿಳಿದಾಗ ಅವರು ಮೊದಲು ನಂಬಲಿಲ್ಲ. ನಂತರ ತಾವೇ ಮಾಡಿ ನೋಡಿ, ಸುಣ್ಣದ ಗುರುತನ್ನು ಒರಳಿನ ಆಚೆ ಬದಿಗೆ ಸರಿಸಿದರು. ಅಜ್ಜಿ ಜಗಲಿಯಿಂದ, "ತಪ್ಪ ನನ್ ಒರಳ್ ಮ್ಯಾಲ್ ಯಾಕ್ ಆಕ್ತೀರಾ? ಅದು ಎದ್ದ್ ಬಂದು ನಿಮ್ ಕಾಲ್ ಇಡ್ಕೊಳ್ತಾ?" ಎಂದರು. ಮರುವರ್ಷದ ಸ್ಪರ್ಧೆಯಲ್ಲಿ ಗೆಳೆಯನಿಗೆ ಮೊದಲನೇ ಬಹುಮಾನ ಬಂತು. ಆ ದಿನ ನಾನು ಬೇರೆ ಜಮಖಾನದ ಕುರ್ಚಿಯಲ್ಲಿದ್ದೆ. ಕೂಗು ಕೇಳಿಯೇ ಅವನದೆಂದು ಗುರುತು ಹಿಡಿದೆ.

ಈಗ ನನ್ನ ಬಳಿ ಇರುವುದು ಇಷ್ಟು. ಅಟ್ಟೂರಿನಲ್ಲಿ ಒಂದು ಮನೆ. ನನ್ನದೇ ಶಾಪು, ಅದರಲ್ಲಿ ಎರಡು ಲೇತು. ತೀರ್ಪುಗಾರನ ಕೋಟು ಮೂರು, ಅವುಗಳಲ್ಲಿ ಒಂದಕ್ಕೆ ಗುಂಡಿ ಹಾಕಲಾಗುವುದಿಲ್ಲ. ಒಂದು ಸೀಟಿ. ಒಂದರಿಂದ ಹತ್ತರವರೆಗಿನ ಕಾರ್ಡುಗಳ ಒಂದು ಕಟ್ಟು. ನೆಟ್ಟಗಿರುವ ಮೊಣಕಾಲು ಒಂದು, ನೋಯುವ ಮೊಣಕಾಲು ಒಂದು. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಒಬ್ಬ ಗೆಳೆಯ.