ಆಯಿ ನೀರಿಗಿಳಿದದ್ದು

ಈಜುಕೊಳದ ಕ್ಲೋರಿನ್ ವಾಸನೆ ಬಂದರೆ ನನಗೆ ಬಸವಕಲ್ಯಾಣದ ನಮ್ಮ ಮನೆಯ ಅಂಗಳ ನೆನಪಾಗುತ್ತದೆ. ಈಗ ಅಲ್ಲಿ ಸಿಮೆಂಟಿನ ಅಂಗಡಿಸಾಲು ಎದ್ದಿದೆ. ತೊಂಬತ್ತರ ದಶಕದಲ್ಲಿ, ನಾನು ಸಣ್ಣವಳಿದ್ದಾಗ, ಅಲ್ಲಿನ ಹಗ್ಗದ ಮೇಲೆ ಕಸ್ತೂರಿ ಅತ್ತೆಯ ಟವೆಲ್ಲುಗಳು ಒಣಗುತ್ತಿದ್ದವು. ಒಗೆದರೂ ಆ ವಾಸನೆ ಬಿಡುತ್ತಿರಲಿಲ್ಲ. ಅತ್ತೆ ಅಪ್ಪನ ತಂಗಿ, ರಾಜ್ಯಮಟ್ಟದ ಈಜಿನಲ್ಲಿ ಚಿನ್ನ ಗೆದ್ದವಳು. ಹೊರಗೆ ತರಬೇತಿಯಲ್ಲಿದ್ದ ಆಕೆ ಊರಿಗೆ ಬಂದಾಗ ಪದಕವನ್ನು ಮುತ್ಯಾನ ಕೊರಳಿಗೆ ಹಾಕುತ್ತಿದ್ದಳು. ಮುತ್ಯಾ, ಎಂದರೆ ನನ್ನ ಅಜ್ಜ, ಅದನ್ನು ಹಾಕಿಕೊಂಡೇ ಬಜಾರಿಗೆ ಚಹಾ ಕುಡಿಯಲು ಹೋಗುತ್ತಿದ್ದ. ಅಜ್ಜಿ ಮಾತ್ರ ಏನೂ ಕೇಳುತ್ತಿರಲಿಲ್ಲ. ನಾವು ಆಯಿ ಎಂದು ಕರೆಯುತ್ತಿದ್ದ ಆಕೆ, ಟವೆಲ್ಲುಗಳನ್ನು ಬಿಸಿನೀರಿನಲ್ಲಿ ಮತ್ತೊಮ್ಮೆ ಹಿಂಡಿ ಒಣಹಾಕಿ ಒಳಗೆ ಹೋಗುವಳು. ಆಯಿಯ ಮೊದಲ ಮಗ ಮುಡಬಿಯ ನಮ್ಮ ಹೊಲದ ಬಾವಿಯಲ್ಲಿ ಕಾಲುಜಾರಿ ಮುಳುಗಿಹೋಗಿದ್ದ. ನೀರು ಇನ್ನೊಂದು ಮಗುವನ್ನು ಒಯ್ಯಬಾರದೆಂದು ಮುತ್ಯಾ ಅದೇ ಬಾವಿಯಲ್ಲಿ ಅತ್ತೆಯ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ಈಜು ಕಲಿಸಿದ್ದ. ಆಯಿ ಆ ಹೊಲದತ್ತ ಮತ್ತೆ ಹೆಜ್ಜೆ ಇಟ್ಟಿರಲಿಲ್ಲ. ಮಗಳ ಒಂದು ಸ್ಪರ್ಧೆಯನ್ನೂ ನೋಡಿರಲಿಲ್ಲ.

ಮುತ್ಯಾ ತೀರಿಕೊಂಡ ಮರುವರ್ಷ ಅತ್ತೆಯ ಕಿವಿತಮಟೆ ಹರಿಯಿತು. ಇನ್ನು ತಲೆ ನೀರಲ್ಲಿ ಮುಳುಗಿಸಬಾರದೆಂದರು ವೈದ್ಯರು. ಊರಿಗೆ ಮರಳಿದ ಅತ್ತೆ ಪಡಸಾಲೆಯ ಕಂಬಕ್ಕೆ ಒರಗಿ, ದಿನವಿಡೀ ಕೂತಿರುತ್ತಿದ್ದಳು. ಒಂದು ಮಧ್ಯಾಹ್ನ ಜೋಳ ಹಸನು ಮಾಡುತ್ತಿದ್ದ ಆಯಿ ಮೊರವನ್ನು ಕೆಳಗಿಟ್ಟು, “ಕಸ್ತೂರಿ, ನನಗ ಈಸೋದು ಕಲಸ್ತೀಯೇನು?” ಎಂದಳು.

“ಈ ವಯಸ್ಸಿನ್ಯಾಗ ನಿನಗ್ಯಾಕ ಯವ್ವಾ?”

“ನನ್ನ ಕೂಸು ಹೋದ ನೀರು ಹ್ಯಾಂಗ ಅದ, ಒಮ್ಮೆ ನೋಡ್ಬೇಕು.”

ಮರುದಿನ ಆಟೋದಲ್ಲಿ ಮುಡಬಿಗೆ ಹೋದೆವು. ಸೀರೆ ಕಚ್ಚೆ ಹಾಕಿ ಬಾವಿಯ ಮೆಟ್ಟಿಲಿಳಿದ ಆಯಿ, ನೀರು ಮೊಣಕಾಲಿಗೆ ಬರುತ್ತಲೇ ಗೋಡೆಯ ಕಲ್ಲು ಹಿಡಿದು ನಿಂತುಬಿಟ್ಟಳು. ಕೆಳಗಿನ ಮೆಟ್ಟಿಲ ಮೇಲೆ ಸೊಂಟದ ಮಟ್ಟದ ನೀರಲ್ಲಿ ನಿಂತಿದ್ದ ಅತ್ತೆ ತಾಯಿಯ ಬೆನ್ನ ಕೆಳಗೆ ಅಂಗೈ ಕೊಟ್ಟಳು. “ಮೈ ಸಡಿಲ ಬಿಡವ್ವಾ. ನಾ ಹಿಡದೀನಿ.” ಆಯಿ ತೇಲಿದಳು. ಬಹಳ ಹೊತ್ತು ಮೇಲಿನ ಆಕಾಶವನ್ನೇ ನೋಡುತ್ತಿದ್ದು, “ಅವಗೂ ಹಿಂಗೇ ಮುಗಲ ಕಂಡಿರಬೇಕಲ್ಲ,” ಎಂದು ಬಿಕ್ಕಿದಳು. ಅತ್ತೆ ಯಾವಾಗ ಕೈ ತೆಗೆದಳೋ, ಇಬ್ಬರಿಗೂ ಗೊತ್ತಾಗಲಿಲ್ಲ.

ಆ ಮುದುಕಿ ಈಜಿದಳೆಂಬ ಸುದ್ದಿ ಹಬ್ಬಿ ತಾಯಂದಿರು ಹೆಣ್ಣುಮಕ್ಕಳನ್ನು ಕರೆತರತೊಡಗಿದರು. ಮುಡಬಿಯಲ್ಲಿ ಶುರುವಾದ ಕಲಿಕೆ ಹುಮನಾಬಾದಿನ ಸುತ್ತಲ ಬಾವಿಗಳಿಗೂ ಹರಡಿ, ಅತ್ತೆ ಎಲ್ಲರಿಗೂ ‘ಈಸೋ ಟೀಚರ್’ ಆದಳು. ಕೆಲವು ವರ್ಷಗಳ ನಂತರ ಆಕೆಯ ಶಿಷ್ಯೆಯೊಬ್ಬಳು ಗುಲಬರ್ಗಾದ ಸ್ಪರ್ಧೆಗೆ ಆಯ್ಕೆಯಾದಾಗ ಆಯಿ ತಾನೂ ಬರುತ್ತೇನೆಂದು ಹೊರಟಳು. ಆ ಹುಡುಗಿ ನೀರನ್ನು ಸೀಳುತ್ತ ಹೋಗುವುದನ್ನು ಕಣ್ಣು ಮಿಟುಕಿಸದೆ ನೋಡಿ, ಮಗಳತ್ತ ತಿರುಗಿದಳು.

“ನೀನೂ ಹಿಂಗೇ ಈಸ್ತಿದ್ದೇನು?”

ಅತ್ತೆ ಹೌದೆಂದು ತಲೆಯಾಡಿಸಿದಳು.

ಇಬ್ಬರೂ ಈಗಿಲ್ಲ. ಅಂದು ವಾಪಸು ಬರುವಾಗ ಬಸ್ಸಿನಲ್ಲಿ ಆಯಿ ಮಗಳ ಒಂದೊಂದೇ ಸ್ಪರ್ಧೆಯ ಕಥೆ ಕೇಳುತ್ತ ಕೂತಿದ್ದಳು. ಬಸವಕಲ್ಯಾಣ ಬಂದಾಗಲೂ ಅವು ಮುಗಿದಿರಲಿಲ್ಲ.