ದಿಲ್ಲಿಯ ಆದ್ಯತೆ, ನವಲಿಯ ಮನುಷ್ಯ

ದೇಶದ ಕೃಷಿ ಸಂಶೋಧನೆಯ ಆದ್ಯತೆಗಳನ್ನು ಪರಿಷ್ಕರಿಸುವ ಸಮಿತಿ ದಿಲ್ಲಿಯಿಂದ ಬರುತ್ತದೆಂಬ ಸುದ್ದಿ ಬಂದಾಗ ನಾನು ಗಂಗಾವತಿಯ ಹೊರಗಿನ ಒಂದು ಭತ್ತದ ಸಂಶೋಧನಾ ಕೇಂದ್ರದಲ್ಲಿ ಸಹಾಯಕನಾಗಿದ್ದೆ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಯಾವ ಸಂಶೋಧನೆ ಮುಂದುವರಿಯಬೇಕು, ಯಾವುದು ನಿಲ್ಲಬೇಕು, ಹೊಸದಾಗಿ ಏನು ಸೇರಬೇಕು ಎಂದು ಪ್ರತಿ ಕೇಂದ್ರವೂ ಬರೆದುಕೊಡಬೇಕಿತ್ತು. ನಾನು ಸೇರಿಸಬೇಕೆಂದಿದ್ದುದು ಒಂದೇ ವಿಷಯ: ಎಣ್ಣೆ ಹೊಡೆಯುವವರ ಮೈಯೊಳಗೆ ಆ ಎಣ್ಣೆ ಎಷ್ಟು ಇಳಿಯುತ್ತದೆ. ಎಣ್ಣೆ ಎಂದರೆ ನಮ್ಮ ಕಡೆ ಕೀಟನಾಶಕ.

ಅದಕ್ಕೆ ಕಾರಣವಿತ್ತು. ಆ ಹಂಗಾಮಿನಲ್ಲಿ ಕಂದು ಜಿಗಿಹುಳು ಬಿದ್ದು ಭತ್ತ ಅಲ್ಲಲ್ಲಿ ಸುಟ್ಟಂತಾಗಿತ್ತು. ನಮ್ಮ ತಾಕುಗಳಿಗೆ ಎಣ್ಣೆ ಹೊಡೆಯುತ್ತಿದ್ದವನು ಹತ್ತಿರದ ನವಲಿ ಊರಿನವನು, ನಲವತ್ತು ದಾಟಿದವನು, ಮಾತುಗಾರ. ಕಾಲುವೆ ನೀರಿನಲ್ಲಿ ಟವೆಲ್ಲು ಅದ್ದಿ ಮೂಗು ಬಾಯಿಗೆ ಬಿಗಿದುಕೊಂಡೇ ಬೆನ್ನಿಗೆ ಎಣ್ಣೆಯ ಪಂಪು ಹೊರುತ್ತಿದ್ದ. ಅಲ್ಲಿ ಎಲ್ಲರ ರೂಢಿಯೂ ಅದೇ. ಟವೆಲ್ಲು ಆರಿದರೆ ಮತ್ತೆ ಅದ್ದುವುದು.

“ಹಸಿ ಇದ್ರ ವಾಸನಿ ಹತ್ತಂಗಿಲ್ರಿ. ನೀವೂ ಕಟ್ಕೊರ್ರಿ, ಇದನ್ನ ಕಾಲೇಜಿನ್ಯಾಗ ಕಲಿಸಿರಂಗಿಲ್ಲ” ಎಂದು ನಗುತ್ತಿದ್ದ.

ನಾನೂ ಕಟ್ಟಿಕೊಳ್ಳುತ್ತಿದ್ದೆ. ನಾನು ಕುಷ್ಟಗಿ ಕಡೆಯವನು. ಅಲ್ಲಿನ ಒಣಹೊಲದ ಸಜ್ಜೆ, ನವಣೆಗೆ ಯಾರೂ ಎಣ್ಣೆ ಹೊಡೆದದ್ದನ್ನು ನೋಡಿರಲಿಲ್ಲ.

ಒಂದು ಮಧ್ಯಾಹ್ನ ಅವನ ಪಂಪಿನ ಸದ್ದು ನಿಂತಿತು. ತಿರುಗಿ ನೋಡಿದರೆ ಭತ್ತದ ನಡುವೆ ಮಂಡಿಯೂರಿ ಕೂತಿದ್ದ, ಬಿದ್ದುಹೋದದ್ದೇನನ್ನೋ ಹುಡುಕುವವನ ಹಾಗೆ. ನಾನು ಹತ್ತಿರ ಹೋಗುವಷ್ಟರಲ್ಲಿ ಮುಖ ಕೆಸರಿಗೆ ಬಿದ್ದಿತ್ತು. ಬದುವಿಗೆ ಎಳೆದು ಹಾಕಿದೆ. ಬಾಯಲ್ಲಿ ನೊರೆ. ತೊಡೆಯ ಮಾಂಸ ಚರ್ಮದಡಿ ತಾನೇ ತಾನಾಗಿ ಅದುರುತ್ತಿತ್ತು. ರೆಪ್ಪೆ ಬಿಡಿಸಿದರೆ ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿತ್ತು. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಗಂಗಾವತಿಯ ದವಾಖಾನೆಗೆ ಹೋಗುವಾಗ ಅವನನ್ನು ಮಗ್ಗುಲಾಗಿಸಿ ಹಿಡಿದುಕೊಂಡಿದ್ದೆ. ಉಸಿರು ನಿಲ್ಲುವುದು, ನಾನು ಬೆನ್ನು ಗುದ್ದುವುದು, ಮತ್ತೆ ಗೊರಗೊರ ಶುರುವಾಗುವುದು. ಈಗಲೂ ರಸ್ತೆಯಲ್ಲಿ ಟ್ರ್ಯಾಕ್ಟರು ಹೋದರೆ ನನ್ನ ಮುಷ್ಟಿ ತಾನಾಗಿ ಬಿಗಿಯುತ್ತದೆ. ಒಂದು ಸಲ ಗುದ್ದುವುದು ತಡವಾಗಿದ್ದರೂ ಏನಾಗುತ್ತಿತ್ತು ಎಂದು ಲೆಕ್ಕ ಹಾಕುತ್ತ ಕೂರುತ್ತೇನೆ.

ಅವನು ಉಳಿದ. ಡಾಕ್ಟರು ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಕೊಟ್ಟು ಉಳಿಸಿದರು. ಟವೆಲ್ಲನ್ನು ಇಕ್ಕಳದಲ್ಲಿ ಎತ್ತಿ ಹೊರಗೆ ಹಾಕಿಸಿದರು. ಹಸಿ ಬಟ್ಟೆ ಎಣ್ಣೆಯನ್ನು ಹೀರಿಕೊಂಡು ಮೂಗಿಗೇ ಒತ್ತಿ ಹಿಡಿಯುತ್ತದೆ, ಬೆಳಗಿನಿಂದ ಅದರ ಮೂಲಕವೇ ಉಸಿರಾಡಿದ್ದಾನೆ ಎಂದರು. ಆಮೇಲೆ ನನ್ನ ಕೊರಳಿನ ಟವೆಲ್ಲನ್ನು ನೋಡಿ, ಹೋಗಿ ಸೋಪು ಹಚ್ಚಿ ಮೈ ತೊಳೆದುಕೋ ಎಂದರು.

ಹೀಗಾಗಿ ಆ ವಿಷಯ ಬರೆದೆ. ನಮ್ಮ ಮೇಲಧಿಕಾರಿ ಕೆಟ್ಟವರಲ್ಲ. ಓದಿ ಕನ್ನಡಕ ತೆಗೆದರು.

“ಇದು ದವಾಖಾನಿಯವ್ರ ವಿಷಯ ಆತಲ್ಲೋ ತಮ್ಮಾ. ನಾ ಬ್ಯಾಡ ಅನ್ನಂಗಿಲ್ಲ, ಇರ್ಲಿ. ಆದ್ರ ದಿಲ್ಲಿಯವ್ರು ಇಡಂಗಿಲ್ಲ.”

ಸಮಿತಿ ಬಂತು. ಬೆಳಿಗ್ಗೆ ಯಲಬುರ್ಗಾದ ಒಣಬೇಸಾಯವನ್ನು ರಸ್ತೆಯ ಮೇಲೆ ನಿಂತೇ ನೋಡಿ, ಊಟದ ಹೊತ್ತಿಗೆ ನಮ್ಮಲ್ಲಿಗೆ ಬಂದರು. ಜಿಗಿಹುಳುವಿನ ಮಾತಿಗೆ ಎಲ್ಲರೂ ತಲೆಯಾಡಿಸಿದರು. ನನ್ನ ವಿಷಯ ಬಂದಾಗ ಅಧ್ಯಕ್ಷರು ಮೃದುವಾಗಿಯೇ, ಇಲ್ಲಿ ಯಾರಾದರೂ ಸತ್ತಿದ್ದಾರೆಯೇ ಎಂದು ಕೇಳಿದರು. ಇಲ್ಲ ಎಂದೆ. ಹಾಗಾದರೆ ಇದನ್ನು ಆರೋಗ್ಯ ಇಲಾಖೆ ನೋಡಲಿ ಎಂದರು. ಆರೋಗ್ಯದವರು ಎಣ್ಣೆ ಕೃಷಿಗೆ ಸೇರಿದ್ದು ಅನ್ನುತ್ತಾರಲ್ಲ ಎಂದು ಇನ್ನೊಬ್ಬರು ನಕ್ಕರು. ಮುಂದಿನ ಪರಿಷ್ಕರಣೆಯಲ್ಲಿ ನೋಡೋಣ ಎಂದಾಯಿತು. ಅಷ್ಟರಲ್ಲಿ ಚಹಾ ಬಂತು.

ಪರಿಷ್ಕೃತ ಆದ್ಯತೆಗಳು ಅಚ್ಚಾಗಿ ಬಂದಾಗ ಜಿಗಿಹುಳು ಮೊದಲಿತ್ತು. ಹೊಸ ಹೊಸ ಎಣ್ಣೆಗಳನ್ನು ಪರೀಕ್ಷಿಸುವ ಕೆಲಸ ನಮ್ಮ ಕೇಂದ್ರಕ್ಕೆ ಬಂತು. ಅಂದರೆ ಇನ್ನಷ್ಟು ಹೊಡೆಯುವುದು. ನವಲಿಯವನು ಅಷ್ಟರಲ್ಲಿ ಕೆಲಸಕ್ಕೆ ಮರಳಿದ್ದ. ಒಂದು ಬೀಡಿ ಹಚ್ಚಲು ಈಗ ಮೂರ್ನಾಲ್ಕು ಕಡ್ಡಿ ಗೀರಬೇಕಾಗುತ್ತಿತ್ತು. ಅವನನ್ನು ನೀರು ಹಾಯಿಸುವ ಕೆಲಸಕ್ಕೆ ಹಾಕಿರೆಂದು ಮೇಲಧಿಕಾರಿಯವರನ್ನು ಬೇಡಿಕೊಂಡೆ. ಅವರು ಕೂಡಲೇ ಒಪ್ಪಿದರು. ನನ್ನಿಂದ ಆದದ್ದು ಅಷ್ಟೇ ಎಂದು ಸಮಾಧಾನಪಟ್ಟೆ.

ಮರುದಿನ ಪಂಪು ಹೊತ್ತು ಒಬ್ಬ ಹರೆಯದ ಹುಡುಗ ಬಂದ. ನವಲಿಯವನು ಸಲಿಕೆ ಹಿಡಿದು ನನ್ನ ಪಕ್ಕ ಬಂದು ನಿಂತ.

“ಸಾಹೇಬ್ರ, ನನ್ನ ಬಿಡಿಸಿದ್ರಿ, ಭಾಳ ಛಲೋ ಆತು” ಎಂದ. ಪಂಪು ಹೊತ್ತವನ ಕಡೆ ಸಲಿಕೆ ತೋರಿಸಿ, “ಅವ ನನ್ನ ಮಗಳ ಗಂಡ ಅದಾನ್ರಿ” ಎಂದ.

ಪರೀಕ್ಷೆ ನಿಲ್ಲಿಸುವ ಅಧಿಕಾರ ನನಗಿರಲಿಲ್ಲ. ಹಸಿ ಟವೆಲ್ಲು ಕಟ್ಟಿಕೊಳ್ಳಬೇಡ, ಗಾಳಿಗೆ ಬೆನ್ನು ಕೊಟ್ಟು ಹೊಡೆ ಎಂದು ಅಳಿಯನಿಗೆ ಹೇಳಿದೆ. ಸ್ವಲ್ಪ ಸ್ವಲ್ಪ ಹೊತ್ತಿಗೇ ಅವನನ್ನು ಬದುವಿಗೆ ಕರೆದು ಕೂಡಿಸುತ್ತಿದ್ದೆ. ಹುಡುಗನಿಗೆ ಅದು ತಮಾಷೆ.

“ಹಿಂಗ ಕೂಡಿಸ್ಕೋತ ಹೋದ್ರ ಹುಳ ಹೊಲಾನ ಮುಗಿಸಿಬಿಡ್ತಾವ್ರಿ” ಎಂದು ನಕ್ಕ.

ಮಾವ ನಗಲಿಲ್ಲ. “ಕೂಡ್ರಿ ಅಳಿಯಾರ” ಎಂದ. “ಸಾಹೇಬ್ರು ಕೂಡು ಅಂದಾಗ ಕೂಡ್ರಿ.”

ಆ ಹಂಗಾಮು ಪೂರ್ತಿ ಮಾವನೂ ನಾನೂ ಅವನನ್ನೇ ನೋಡುತ್ತ ಬದುವಿನ ಮೇಲೆ ನಿಂತೆವು.